ಕಂಠಪ್ಪನವರ ಕೂಗುವ ಹೊಲ

ಅಪ್ಪನಿಗೆ ಚಿನ್ನ ಸಿಕ್ಕಿಬಿಟ್ಟರೆ? ಬೆಳಗ್ಗೆ ಎದ್ದಾಗಿನಿಂದ ಸರ್ವಮಂಗಳಳಿಗೆ ಇದೊಂದೇ ಅಳುಕು. ಹೆತ್ತ ತಂದೆಗೆ ಚಿನ್ನ ಸಿಗದಿರಲಿ ಎಂದು ಶಿವನನ್ನು ಬೇಡಿಕೊಂಡ ಮಗಳು ಈ ಸೀಮೆಯಲ್ಲಿ ತಾನೊಬ್ಬಳೇ ಇರಬೇಕೆಂದು ತನ್ನೊಳಗೇ ಒಪ್ಪಿಕೊಂಡಳು. ಒಪ್ಪಿಕೊಂಡು, ಇನ್ನೊಮ್ಮೆ ಬೇಡಿಕೊಂಡಳು.

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಅವಳಪ್ಪ ಕಂಠಪ್ಪನವರು ಮಿಲಿಟರಿ ಹರಾಜಿನಲ್ಲಿ ಒಂದು ಮಿಷನ್ನು ಹೊಡೆದುಕೊಂಡು ಬಂದಿದ್ದರು. ಯುದ್ಧಕಾಲದಲ್ಲಿ ನೆಲಬಾಂಬು ಹುಡುಕಿದ ಮಿಷನ್ನು. ಕೋಲಿನ ತುದಿಗೆ ರೊಟ್ಟಿ ಹಂಚಿನಂಥ ತಟ್ಟೆ. ಕೋಲು ಮಾತ್ರ ಅರ್ಧಕ್ಕೇ ಮುರಿದದ್ದು. ಮೈಸೂರಿನ ರೇಡಿಯೋ ರಿಪೇರಿಯವನು ಅದಕ್ಕೊಂದು ಕೂಗುವ ಡಬ್ಬಿ, ಕಂಪನ ಹೆಚ್ಚುಕಮ್ಮಿ ಮಾಡುವ ಒಂದು ತಿರುಪು ಕೂಡಿಸಿ, ಇನ್ನು ಇದು ಚಿನ್ನವನ್ನೂ ಹಿಡಿಯುತ್ತದೆ ಎಂದು ಹರಸಿ ಕಳಿಸಿದ್ದ. ಗುಡ್ಡದ ಮಗ್ಗುಲಿನ ತಮ್ಮ ಹೊಲದಲ್ಲಿ ಹಿಂದಿನವರು ಚಿನ್ನ ತೆಗೆದಿದ್ದರೆಂಬ ಮಾತನ್ನು ಕಂಠಪ್ಪನವರು ಬಾಲ್ಯದಿಂದ ಕೇಳಿದ್ದರು.

"ಚಿನ್ನ ಸಿಕ್ತೋ, ಕಾರ್ತೀಕದಲ್ಲೇ ನಿನ್ ಮದ್ವೆ. ಸಿಗ್ನಿಲ್ವೋ, ನೀನುಂಟು ಮೈಸೂರುಂಟು, ಹೋಗಿ ಮಕ್ಕಳಿಗೆ ಪಾಠ ಹೇಳ್ಕೋ ಕಣವ್ವ," ಎಂದಿದ್ದರು.

ಬಿ.ಎಸ್‌ಸಿ. ಪಾಸಾದ ಸರ್ವಮಂಗಳಳಿಗೆ ಮೈಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಕಾದಿತ್ತು. ಹೊಸ ಅಗ್ರಹಾರವೆಂಬ ಊರಿನಲ್ಲಿ ಅವಳನ್ನು ಮದುವೆಯಾಗಲು ಸೋದರತ್ತೆಯ ಮಗನೂ ಕಾದಿದ್ದ. ಮಾತಿಗಿಂತ ಆಕಳಿಕೆ ಹೆಚ್ಚಿನ ಹುಡುಗ. ಅವನಪ್ಪ, ಅಕ್ಕಿ ಗಿರಣಿಯ ನಂಜಣ್ಣ ಮಾವ, ಸೊಸೆ ಮೈತುಂಬ ಚಿನ್ನ ಹೇರಿಕೊಂಡೇ ಬರಬೇಕೆಂದು ಹಟ ಹಿಡಿದಿದ್ದರು.

"ಈ ತಿರುಪು ಯಾವ ಕಡೀಕ್ ಇಡ್ಲವ್ವ?" ಎಂದು ಅಪ್ಪ ಕೇಳಿದರು.

ಅವಳಿಗೆ ಗೊತ್ತಿತ್ತು. ತಟ್ಟೆಯೊಳಗಿನ ವಿದ್ಯುತ್ತು ಬಿರುಸಾಗಿ ಕಂಪಿಸಿದರೆ ಚಿನ್ನದ ಸಣ್ಣ ಕಾಳೂ ಓಗೊಡುತ್ತದೆ. ನಿಧಾನ ಕಂಪಿಸಿದರೆ ಆಳಕ್ಕೇನೋ ಇಳಿಯುತ್ತದೆ, ಆದರೆ ದೊಡ್ಡ ಲೋಹದ ತುಂಡನ್ನಷ್ಟೇ ಮಾತಾಡಿಸುತ್ತದೆ. ಕಾಳುಗೀಳಿನ ಗೊಡವೆಗೆ ಹೋಗುವುದಿಲ್ಲ. ಫ್ರೀಕ್ವೆನ್ಸಿ ಎಂದರೆ ಇಷ್ಟೇ. ಗುಡ್ಡದ ಹೊಲದಲ್ಲಿ ಚಿನ್ನವಿದ್ದರೆ ಅದು ಕಾಳಿನಷ್ಟೇ ಇದ್ದೀತು. ಸರ್ವಮಂಗಳ ತಲೆ ತಗ್ಗಿಸಿ ತಿರುಪನ್ನು ನಿಧಾನದ ಕಡೆಗೆ ತಿರುಗಿಸಿಟ್ಟಳು.

ಹೊಲದಲ್ಲಿ ಕಂಠಪ್ಪನವರು ಬರಿಮೈಯಲ್ಲಿ, ಮೊಂಡು ಕೋಲು ಹಿಡಿದು, ನಾಟಿ ಹಾಕುವವರಂತೆ ಬಗ್ಗಿದರು. ಮಿಷನ್ನು "ಕುಯ್ಯೋ" ಎಂದಿತು!

ಸರ್ವಮಂಗಳ ಮತ್ತೊಮ್ಮೆ ಶಿವನನ್ನು ಬೇಡಿಕೊಂಡಳು. ಆಳು ಸಿದ್ದಯ್ಯ ಅಗೆದ. ಕಲ್ಲು. ನಾಲ್ಕು ಮಾರು ಆಚೆ ಬಗ್ಗಿದರೆ ಅಲ್ಲೂ ಕುಯ್ಯೋ. ಅಗೆದರೆ ಮಣ್ಣು. ಸದ್ದು ಕೇಳಿ ಊರೇ ಬಂತು. ಬಸ್ಸಿಳಿದ ನಂಜಣ್ಣ ಮಾವನೂ ಓಡೋಡಿ ಬಂದು, ಅಂಗಿ ಕಳಚಿ ತಾವೇ ಬಗ್ಗಿದರು. ಮಿಷನ್ನು ಅವರಿಗೂ ಭೇದವಿಲ್ಲದೆ ಕೂಗಿತು. ಮಧ್ಯಾಹ್ನದ ಹೊತ್ತಿಗೆ ಹೊಲ ಹೆಗ್ಗಣಗಳ ಜಾತ್ರೆ ಮುಗಿದಂತೆ ಕಾಣುತ್ತಿತ್ತು.

"ನೀನೂ ಒಂದ್ ಕೈ ನೋಡ್ಲಾ ಸಿದ್ದಯ್ಯ," ಎಂದರು ಕಂಠಪ್ಪನವರು.

ಸಿದ್ದಯ್ಯ ಬಗ್ಗಿದ. ಮಿಷನ್ನು ಮೌನವ್ರತ ಹಿಡಿಯಿತು.

"ನಿನ್ ಕೈಗುಣವೇ ಸರಿಯಿಲ್ಲ ಕಣ್ಲಾ!"

"ಬೆಳಗಿಂದ ಅಗೆಯೋಕೆ ಮಾತ್ರ ಸರಿಯಾಗಿತ್ತಾ ಬುದ್ಧಿ?" ಎಂದು ಸಿದ್ದಯ್ಯ ಗುದ್ದಲಿಗೆ ಒರಗಿದ.

ಪಕ್ಕದ ಮನೆಯ ಗುರುಶಾಂತಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಇಷ್ಟ್ ಕೂಗ್ತದೆ ಅಂದ್ಮೇಲೆ ಕೆಳಗೆ ಕೊಪ್ಪರಿಗೆಗಟ್ಲೆ ಅದೆ ಬುಡ್ರಪ್ಪ," ಎಂದರು.

ನಂಜಣ್ಣ ಮಾವನಿಗೆ ಅಷ್ಟೇ ಸಾಕಾಯಿತು. "ಅಲ್ವಾ ಮತ್ತೆ? ಚಿನ್ನ ಎಲ್ಲಿಗ್ ಓಡ್ತದೆ? ನಿಧಾನಕ್ ಅಗೆಸಿ. ಕಂಠಪ್ಪ, ಎಲೆಅಡಿಕೆ ತರ್ಸು. ತಾಂಬೂಲ ಇವತ್ತೇ ಬದ್ಲಾಯಿಸ್ಕೊಂಡ್ಬುಡಾನ."

ಕಾಣದ ಚಿನ್ನಕ್ಕೆ ತಾಂಬೂಲ! ಸರ್ವಮಂಗಳಳ ಕಾಲು ತಾನಾಗಿ ಮುಂದಕ್ಕೆ ಹೋಯಿತು. ಯಾರನ್ನೂ ಕೇಳದೆ ಕೋಲು ಎತ್ತಿಕೊಂಡು ಬಗ್ಗಿದಳು. ಕುಯ್ಯೋ! ಮೂಗಿನ ಕೆಳಗೇ, ತಟ್ಟೆಯ ನೇರಕ್ಕೆ, ಅವಳ ಕೊರಳಿನ ಕರಡಿಗೆ, ಲಿಂಗವಿಟ್ಟ ಬೆಳ್ಳಿ ಡಬ್ಬಿ, ತೂಗಾಡುತ್ತಿತ್ತು. ನೆಟ್ಟಗೆ ನಿಂತಳು, ಕೂಗು ನಿಂತಿತು. ಮತ್ತೆ ಬಗ್ಗಿದಳು, ಮತ್ತೆ ಕೂಗಿತು. ಅಪ್ಪನ, ಮಾವನ ಕೊರಳಲ್ಲಿದ್ದ ಕರಡಿಗೆಗಳನ್ನೂ ಸಿದ್ದಯ್ಯನ ಬರಿಗೊರಳನ್ನೂ ನೋಡಿದಳು.

"ಅಪ್ಪಾಜಿ," ಅವಳ ದನಿ ಬಾವಿಯೊಳಗಿಂದ ಬಂದಂತಿತ್ತು, "ಲಿಂಗದೇವರನ್ನ ಎಡಗೈಯಲ್ಲಿ ಹಿಡಿದು, ನೆತ್ತಿ ಮೇಲಿಟ್ಕೊಂಡು ಬಗ್ಗಿ ನೋಡಿ."

ಕಂಠಪ್ಪನವರು ಹಾಗೆಯೇ ಬಗ್ಗಿದರು. ಮಿಷನ್ನು ತುಟಿಪಿಟಕ್ಕೆನ್ನಲಿಲ್ಲ. ನಂಜಣ್ಣ ಮಾವ ಬಗ್ಗಿದರು. ಇಲ್ಲ. ಊರ ಹಿರಿಯರೆಲ್ಲ ಒಬ್ಬೊಬ್ಬರಾಗಿ ನೆತ್ತಿಯ ಮೇಲೆ ಕೈಯಿಟ್ಟುಕೊಂಡು, ಲೆಕ್ಕ ತಪ್ಪಿ ಮೇಷ್ಟ್ರ ಕೈಗೆ ಸಿಕ್ಕ ಹುಡುಗರ ಹಾಗೆ ಹೊಲವೆಲ್ಲ ಬಗ್ಗಿ ಬಂದರು. ಎಲ್ಲೂ ಸೊಲ್ಲಿಲ್ಲ.

"ಬೆಳಗಿಂದ ಅದು ಕೂಗಿದ್ದು ನಮ್ಮ ಕರಡಿಗೆ ಕಂಡೇ," ಎಂದಳು ಸರ್ವಮಂಗಳ.

ನಗು ಮೊದಲು ಹೊರಟದ್ದು ಸಿದ್ದಯ್ಯನ ಬಾಯಿಂದ. ಆಮೇಲೆ ಅದನ್ನು ತಡೆಯುವವರಿರಲಿಲ್ಲ. "ಬುಡ್ರಪ್ಪ, ಕಂಠಪ್ಪನ ಮಗಳು ಮಿಲಿಟರಿ ಮಿಷನ್ನಿಗೇ ಬುದ್ಧಿ ಹೇಳುದ್ಲು!" ಎಂದರು ಗುರುಶಾಂತಮ್ಮ. ಜನರೆಲ್ಲ ಕೊಂಡಾಡಿದರು. ಚಿನ್ನವಿಲ್ಲ, ಮದುವೆಯಿಲ್ಲ! ಅವಳ ಮನಸ್ಸು ಆಗಲೇ ಮೈಸೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿತ್ತು.

ನಂಜಣ್ಣ ಮಾವ ಮಾತ್ರ ನಗಲಿಲ್ಲ. ಮಿಷನ್ನನ್ನೂ ಹುಡುಗಿಯನ್ನೂ ಬಾರಿಬಾರಿ ನೋಡಿದರು.

"ಕಂಠಪ್ಪ, ಭತ್ತದ ಮೂಟೇಲಿ ಲಾಳ, ಮೊಳೆ ಸೇರ್ಕೊಂಡು ಬಂದು ನನ್ ಗಿರಣಿ ಹಾಳಾಗೋಗ್ತಾ ಅದೆ. ಈ ಮಿಷನ್ನು, ಇದನ್ನ ಪಳಗ್ಸೋ ಇಂಥಾ ತಲೆ, ಎಲ್ಡೂ ಮನೇಲೇ ಇದ್ರೆ ನಂಗೇನ್ ಕಮ್ಮಿ? ಚಿನ್ನ ಗಿನ್ನ ಒಂದೂ ಬ್ಯಾಡ. ಬರೀ ಮಿಷನ್ನು, ಹುಡುಗಿ ಕಳ್ಸು. ಕಾರ್ತೀಕ ಯಾಕೆ, ಈ ತಿಂಗಳೇ ಮುಗಿಸ್ಬುಡಾನ!"

"ಎಂಥಾ ದೊಡ್ ಮನಸು ಭಾವ ನಿಮ್ದು!" ಕಂಠಪ್ಪನವರ ಕಣ್ಣಲ್ಲಿ ನೀರಾಡಿತು. ಜನ ಹೋ ಎಂದರು. ಗುರುಶಾಂತಮ್ಮ ಆಗಲೇ ಅರಿಸಿನ ಕುಂಕುಮಕ್ಕೆ ಮನೆಯ ಕಡೆ ತಿರುಗಿದ್ದರು.

ಸರ್ವಮಂಗಳ ಕೋಲನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು, ನಂಜಣ್ಣ ಮಾವನ ಮುಂದೆ ಚಾಚಿದಳು. ಈ ಸಲ ಹೊಲದ ಆ ತುದಿಯಲ್ಲಿದ್ದವರಿಗೂ ಅವಳ ದನಿ ಕೇಳಿಸಿತು.

"ಮಿಷನ್ ತಗೊಂಡ್ಹೋಗಿ ಮಾವ. ನಾನು ಬರೋದಿಲ್ಲ."