ಭಾನುವಾರ ಕುಕ್ಕರ್ ಕೂಗಬಾರದು

ನನ್ನ ಮಗನಿಗೆ ಒಂದು ವರ್ಷ ಏಳು ತಿಂಗಳು. ಇನ್ನೂ ಮಾತು ಬಂದಿಲ್ಲ. 'ಅಮ್ಮ' ಬೇಡ, ಅಕ್ಕಪಕ್ಕದ ಮಕ್ಕಳಂತೆ 'ತಾತಾ, ಪಾಪಾ' ಎಂದಿದ್ದರೂ ನನಗೆ ತುತ್ತು ಗಂಟಲಲ್ಲಿ ಇಳಿಯುತ್ತಿತ್ತು. ಹೆಸರು ಬೇರೆ ವಾಗೀಶ. (ಇಟ್ಟವರು ನಮ್ಮತ್ತೆ. ಈಗ ಅವರನ್ನು ಕೇಳಿ ಪ್ರಯೋಜನವಿಲ್ಲ.) ಬಜೆ ತೇಯ್ದು ಜೇನಿನಲ್ಲಿ ನಾಲಗೆಗೆ ಸವರಿದ್ದಾಯಿತು. ಚಪ್ಪರಿಸಿದ, ಇನ್ನಷ್ಟು ಬೇಕೆಂದು ಬೆರಳು ತೋರಿಸಿದ, ಅಷ್ಟೆ.

ಬೆರಳು ತೋರಿಸುವುದನ್ನು ಅವನು ಕಲಿತದ್ದು ನಮ್ಮಿಂದಲೇ. ಏಕೆಂದರೆ ಭಾನುವಾರ ನಮ್ಮ ಮನೆಯಲ್ಲಿ ಮಾತು ನಿಷಿದ್ಧ.

ಇದಕ್ಕೆ ಕಾರಣ ನಮ್ಮ ಯಜಮಾನರು ಗೌರೀಶಂಕರ, ಮತ್ತು ಅವರ ಆಫೀಸಿನವರು ನಮ್ಮ ಜೆ.ಪಿ. ನಗರದ ಬಾಡಿಗೆ ಮನೆಗೆ ದಯಪಾಲಿಸಿದ ಫೋನು ಹಾಗೂ ಕಂಪ್ಯೂಟರು. ಅವರ ಮೈಸೂರಿನ ಕಾರ್ಖಾನೆಯಲ್ಲಿ ಇನ್ನೊಂದು ಕಂಪ್ಯೂಟರಿದೆ. ಅದರ ಹೊಟ್ಟೆಯಲ್ಲಿ ಎಂಟುನೂರು ಕೆಲಸಗಾರರ ಹೆಸರು, ವಿಳಾಸ, ಹುಟ್ಟಿದ ದಿನ. ಅದು ಸುಟ್ಟುಹೋದರೆ? ಆದ್ದರಿಂದ ಪ್ರತಿ ಭಾನುವಾರ ಇವರು ಮೈಸೂರಿಗೆ ಫೋನು ಮಾಡಿ, ಆ ಕಡೆಯಿಂದ 'ಕೀ...' ಎಂದು ಕೇಳಿದೊಡನೆ ರಿಸೀವರನ್ನು ಎರಡು ರಬ್ಬರ್ ಬಟ್ಟಲುಗಳಿರುವ ಪೆಟ್ಟಿಗೆಯ ಮೇಲೆ ಮಲಗಿಸುತ್ತಾರೆ. ಎಂಟುನೂರು ಜನವೂ ಆ ಕೀರಲು ದನಿಯಾಗಿ, ಒಬ್ಬೊಬ್ಬರೇ ತಂತಿಯಲ್ಲಿ ತೆವಳಿಕೊಂಡು ಬಂದು ನಮ್ಮ ಫ್ಲಾಪಿಯಲ್ಲಿ ಕೂರಬೇಕು. ನಾಲ್ಕು ಗಂಟೆ ಹಿಡಿಯುತ್ತದೆ. (ಅಷ್ಟು ಹೊತ್ತಿನಲ್ಲಿ ಮೈಸೂರಿನಿಂದ ಬಸ್ಸಿನಲ್ಲೇ ಬರಬಹುದು, ದಾರಿಯಲ್ಲಿ ಮದ್ದೂರು ವಡೆಯನ್ನೂ ತಿನ್ನಬಹುದು. ಹೇಳಿದೆ. ನನಗೆ ತಂತ್ರಜ್ಞಾನ ಅರ್ಥವಾಗುವುದಿಲ್ಲವಂತೆ.)

ಆ ಪೆಟ್ಟಿಗೆಗೆ ಕಿವಿ ಬಹಳ ಚುರುಕು. ಕುಕ್ಕರ್ ಕೂಗಿದರೆ ಆ ಕೂಗೂ ಒಳಗೆ ಸೇರಿ, ಎಲ್ಲ ಕೆಟ್ಟು, ಮತ್ತೆ ಮೊದಲಿನಿಂದ ಶುರು. ಹೀಗಾಗಿ ಭಾನುವಾರ ಪಾತ್ರೆಯಲ್ಲೇ ಅನ್ನ ಮಾಡಿ ಬಸಿಯುತ್ತೇನೆ. ಒಂದು ಬೆರಳೆತ್ತಿದರೆ ಕಾಫಿ, ಎರಡೆತ್ತಿದರೆ ಊಟ. ಸದ್ದು ನುಸುಳದಂತೆ ರಿಸೀವರಿಗೆ ವಾಗೀಶನ ಉಣ್ಣೆ ಶಾಲು ಸುತ್ತಿ, ಮೇಲೆ ಅವನ ಕುಲಾವಿ ಹಾಕುತ್ತಾರೆ. ಮಗು ಬರಿತಲೆಯಲ್ಲಿ ಪಕ್ಕದಲ್ಲಿ ಕೂತು, ತಮ್ಮ ಹುಟ್ಟಿದನೇನೋ ಎಂಬಂತೆ ಅದನ್ನೇ ನೋಡುತ್ತಿರುತ್ತಾನೆ.

ಉಳಿದ ದಿನಗಳಲ್ಲಾದರೂ ನೆಮ್ಮದಿಯುಂಟೆ? ಮೊನ್ನೆ ಬುಧವಾರ ನಾನು ಅಡುಗೆಮನೆಯಲ್ಲಿದ್ದಾಗ ನಡುಮನೆಯಿಂದ 'ಕೀ... ಕರ್ರ್...'. ಸಂಜೆ ಇವರು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡೆ.

"ನಿಮ್ಮ ಮೆಷೀನು ಆಫ್ ಮಾಡ್ದೇನೇ ಹೋಗಿದೀರ. ದಿನವೆಲ್ಲಾ ಕಿರುಚ್ತಾ ಇತ್ತು."

"ಪ್ಲಗ್ಗೇ ಕಿತ್ತಿಟ್ಟಿದೀನಲ್ಲೇ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

ಇವರು ಒಂದು ಬೆರಳೆತ್ತಿದರು. (ಭಾನುವಾರದ ಅಭ್ಯಾಸ.)

ಈ ಭಾನುವಾರ ಫೋನು ಮಲಗಿ ಮೂರೂಮುಕ್ಕಾಲು ಗಂಟೆಯಾಗಿತ್ತು. ಮನೆಯ ಓನರ್ ಸೊಣ್ಣಮ್ಮ ಕಿಟಕಿಗೆ ಬಂದರು. ಸಾರಕ್ಕಿಯಲ್ಲಿ ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಪಳಗಿದ ಗಂಟಲು ಅವರದು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರು ಪಿಸುಗುಟ್ಟಿದರು. (ಅವರ ಪಿಸುಮಾತು ಅರ್ಧ ಕುಕ್ಕರಿಗೆ ಸಮ. ಇವರು ಕಾವಿಗೆ ಕೂತ ಕೋಳಿಯಂತೆ ಪೆಟ್ಟಿಗೆಯ ಮೇಲೆ ಬಗ್ಗಿದರು.)

"ಅಲ್ಲ ಕಣವ್ವಾ, ಸಾವಿನ ಮನೇಲೂ ನಾಕು ಮಾತಾಡ್ತಾರೆ. ನೀವಿಬ್ರೂ ಹಿಂಗೆ ಬಾಯಿಗೆ ಬೀಗ ಹಾಕ್ಕಂಡು ಕುಂತ್ರೆ ಮಗ ಯಾರ್ ತಾವ ಕಲೀಬೇಕು ಮಾತ?"

ಯಾರೋ ಎಂಟುನೂರು ಜನರ ಹೆಸರು ಕಾಪಾಡಲು ಹೋಗಿ ನನ್ನ ಮಗನ ಬಾಯಲ್ಲಿ ನನ್ನ ಹೆಸರೇ ಇಲ್ಲದಂತೆ ಮಾಡಿಕೊಂಡೆನಲ್ಲ. ನೇರ ಹೋಗಿ ಕುಲಾವಿ ಕಿತ್ತೆ.

"ಹತ್ತು ನಿಮಿಷ ತಾಳೇ," ಇವರು ಪಿಸುಗುಟ್ಟಿ ಕೈ ಮುಗಿದರು. "ವೆಂಕಟಸ್ವಾಮಿವರೆಗೂ ಬಂದಿದೆ. ಇನ್ನು ಮೂವತ್ತೇ ಜನ."

"ಉಳಿದೋರು ಬಸ್ಸಲ್ಲಿ ಬರ್ಲಿ."

ರಿಸೀವರ್ ಎತ್ತಿ, ಲೈನು ಕತ್ತರಿಸಿ, ಮಕ್ಕಳ ಡಾಕ್ಟರ್ ಗಿರಿಜಾದೇವಿಯವರ ಮನೆಗೆ ಫೋನು ತಿರುಗಿಸಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ.

"ಬೇರೆ ಏನಾದ್ರೂ ಶಬ್ದ ಮಾಡತ್ತಾ ಮಗು?"

"ಒಂದು ಸೊಲ್ಲೂ ಇಲ್ಲ ಡಾಕ್ಟ್ರೇ. ದಿನವೆಲ್ಲಾ ನಾನೇ ಜೊತೇಲಿರ್ತೀನಿ, ನಂಗೊತ್ತಾಗಲ್ವಾ?"

"ಫೋನ್ ಹತ್ರ ತನ್ನಿ, ನಾನು ಮಾತಾಡಿಸ್ತೀನಿ."

ರಿಸೀವರನ್ನು ವಾಗೀಶನ ಮುಂದೆ ಹಿಡಿದೆ. ಅವನ ಮುಖ ಅರಳಿತು. ಕುಲಾವಿಯನ್ನು ಎತ್ತಿ ಜೋಪಾನವಾಗಿ ಅದರ ತಲೆಗೆ ತೊಡಿಸಿ, ಬಾಯಿ ತೆರೆದ.

"ಕೀ......... ಕರ್ರ್ರ್......"

ಬುಧವಾರದ್ದೇ ದನಿ. ಇವರು ನನ್ನನ್ನೇ ನೋಡಿದರು.

ಡಾಕ್ಟರು ಆ ಕಡೆಯಿಂದ ಬೇಸರಪಟ್ಟುಕೊಳ್ಳುತ್ತಿದ್ದರು. "ಲೈನು ತುಂಬಾ ಕೆಟ್ಟಿದೆಯಮ್ಮಾ. ಇಟ್ಟು ಮತ್ತೆ ಮಾಡಿ."

"ಲೈನು ಚೆನ್ನಾಗೇ ಇದೆ ಡಾಕ್ಟ್ರೇ," ಎಂದೆ. "ಅದು ನನ್ನ ಮಗ."