ಏಕಾದಶಿಯ ಲೆನ್ಸು

"ತುಂಗಾ, ಗ್ಯಾಸು! ಓಡು!"

ಅಡುಗೆಮನೆಯ ಗೋಡೆಯ ಮೇಲಿದ್ದ ಡಬ್ಬಿ ಕಿರುಚಿತು. ತುಂಗಮ್ಮ ಓಡಲಿಲ್ಲ. ದನಿ ಗಂಡನದೇ, ಆದರೆ ಗಂಡ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಇಂಥದ್ದನ್ನು ಆಕೆ ಕಂಡಿರಲಿಲ್ಲ.

"ನೋಡಿದೆಯಾ!" ವರಾಹಮೂರ್ತಿಗಳು ಸಿಗರೇಟ್ ಲೈಟರನ್ನು ಜೇಬಿಗಿಳಿಸಿ ಎದೆಯುಬ್ಬಿಸಿದರು. "ಲೈಟರಿನ ಗ್ಯಾಸು ಒಂದು ಸಲ ಪುಸ್ ಅಂದಿದ್ದಕ್ಕೇ ಹಿಡೀತು! ಕಣ್ಣಿಗೆ ಕಾಣದ ಬಿಸಿಬೆಳಕು ಕಣೇ ಇದರೊಳಗಿರೋದು. ಪುಟಾಣಿ ಕನ್ನಡಿಗಳ ಮಧ್ಯೆ ಇಪ್ಪತ್ತು ಸಲ ಪುಟಿದು ಆ ಕಡೆ ಬರತ್ತೆ. ದಾರೀಲಿ ಗ್ಯಾಸ್ ಇದ್ರೆ ನುಂಗಿಬಿಡತ್ತೆ. ಬೆಳಕು ಕಮ್ಮಿ ಬಂತೋ, ಕೂಗು!"

ವರಾಹಮೂರ್ತಿಗಳು ತಿಪಟೂರಿನ ಕನ್ನಡಕದಂಗಡಿಯೊಂದರಲ್ಲಿ ಮೂವತ್ತು ವರ್ಷ ಲೆನ್ಸು ಉಜ್ಜಿ ನಿವೃತ್ತರಾದವರು. ಈ ಸಲದ ಯಂತ್ರ ಮಾತ್ರ ಚಪಲಕ್ಕೆ ಮಾಡಿದ್ದಲ್ಲ. ಮೂರು ತಿಂಗಳ ಹಿಂದೆ ಬಂದ ಜ್ವರ ಹೋಗುವಾಗ ತುಂಗಮ್ಮನ ಮೂಗಿನ ವಾಸನೆಯನ್ನೂ ಕರೆದುಕೊಂಡು ಹೋಗಿತ್ತು. ಒಂದು ದಿನ ಒಲೆಯ ಗ್ಯಾಸು ಅರ್ಧ ಗಂಟೆ ಸೋರಿದರೂ ಆಕೆಗೆ ತಿಳಿಯಲಿಲ್ಲ. ಅಂದಿನಿಂದ ಅತ್ತೆ ಭಾಗೀರಥಮ್ಮ ಒಂದೇ ರಾಗ ಹಿಡಿದರು.

"ಮೂಗಿಲ್ಲದೋಳ ಕೈಗೆ ಬೆಂಕಿ ಕೊಡಬಾರದು. ದ್ವಾದಶಿ ದಿವಸ ನನ್ನ ಮಗಳು ಕರೆಂಟ್ ಒಲೆ ತರ್ತಾಳೆ. ಈ ಗ್ಯಾಸು ಅವಳೇ ತಗೊಂಡು ಹೋಗ್ಲಿ."

"ಕರೆಂಟ್ ಒಲೇಲಿ ಹಪ್ಪಳ ಹೇಗೆ ಸುಡೋದು ಅತ್ತೆ?"

"ಕರಿ!"

ಹಪ್ಪಳ ಒಂದು ನೆಪ. ಒಲೆ ಹೋದರೆ ತಾನು ಈ ಮನೆಯ ಯಜಮಾನಿಯೋ ನೆಂಟಳೋ ಎಂಬುದೇ ತುಂಗಮ್ಮನ ಚಿಂತೆ. ದ್ವಾದಶಿಗೆ ಇನ್ನು ಐದೇ ದಿನ.

"ಅಂತೂ ಡಬ್ಬಿ ಮುಂದಿನ ಲೆನ್ಸು ಚೆನ್ನಾಗಿ ಹೊಳೀತಿದೆ," ಎಂದರು ತುಂಗಮ್ಮ.

"ಗಾಜು ಅಂದ್ಕೊಂಡೆಯಾ? ಗಾಜು ಆ ಬೆಳಕನ್ನ ಒಳಗೇ ಬಿಡಲ್ಲ. ಇದು ಉಪ್ಪು! ಸೈಂಧವ ಲವಣ!"

"ನನ್ನ ಭರಣೀದಾ?"

"ಹನ್ನೆರಡು ಒಡೆದವು. ಹದಿಮೂರನೇದು ಕೂತಿತು ನೋಡು!"

ಮರುದಿನ ಸಾರು ಕುದಿಯಿತು. ಹಬೆ ಮೇಲಕ್ಕೇರಿತು, ಲೆನ್ಸು ಬೆವರಿತು. ಪಾಪ, ಸೆಕೆಯಿರಬೇಕು ಎಂದು ತುಂಗಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಲೆನ್ಸು ಅರ್ಧಕ್ಕಿಳಿಯಿತು! ಆಮೇಲೆ ಡಬ್ಬಿ ಕೂಗದ ವಸ್ತುವೇ ಉಳಿಯಲಿಲ್ಲ. ಊದುಬತ್ತಿಗೆ ಕೂಗಿತು. ಒಗ್ಗರಣೆಗೆ ಕೂಗಿತು. ಪೇಪರ್ ಕೇಳಲು ಬಂದ ಪಕ್ಕದ ಮನೆಯ ಶೇಷಗಿರಿ ಅಡುಗೆಮನೆ ಬಾಗಿಲಲ್ಲಿ ಒಂದು ತೇಗು ತೇಗಿದ್ದೇ ತಡ, "ಓಡು!" ಎಂದಿತು. ಶೇಷಗಿರಿ ಚಪ್ಪಲಿ ಬಿಟ್ಟು ಓಡಿದರು.

ವರಾಹಮೂರ್ತಿಗಳು ಭರಣಿಯ ಕೊನೆಯ ಹರಳನ್ನೂ ಉಜ್ಜಿ ಹೊಸ ಲೆನ್ಸು ಕೂರಿಸಿದರು. ಹಬೆ ತಾಗದಂತೆ ಡಬ್ಬಿಯನ್ನು ಒಲೆಯಿಂದ ದೂರ, ಮೂಲೆಯ ಸಿಲಿಂಡರಿನ ಮೇಲ್ಗಡೆ ಗೋಡೆಗೆ ಬಿಗಿದರು. ಯಾರೂ ಸ್ವಿಚ್ ಆರಿಸಬಾರದೆಂದು ಬ್ಯಾಟರಿಯನ್ನು ಒಳಗೇ ಇಟ್ಟು ಸುತ್ತಲೂ ಕಲ್ಲಿನಂತೆ ಗಟ್ಟಿಯಾಗುವ ಎಂಸೀಲ್ ಅಂಟು ಮೆತ್ತಿದರು. ಲೆನ್ಸಿನ ಬಿರಡೆ ಮಾತ್ರ ತಿರುಗಿಸಿ ತೆಗೆಯುವಂತಿತ್ತು.

ಏಕಾದಶಿಯ ಮಧ್ಯಾಹ್ನ ತುಂಗಮ್ಮ ಹಿಟ್ಟಿನ ಗಿರಣಿಯಲ್ಲಿದ್ದರು. ಎರಡು ಬೀದಿ ದಾಟಿ ಕೂಗು ಬಂತು.

"ತುಂಗಾ, ಗ್ಯಾಸು! ಓಡು! ತುಂಗಾ, ಗ್ಯಾಸು! ಓಡು!"

"ಯಜಮಾನ್ರು ಕರೀತಾವ್ರೆ ಕಣಮ್ಮಾ," ಎಂದ ಗಿರಣಿಯವನು.

ತುಂಗಮ್ಮ ಮನೆಗೆ ಓಡಿ ಬರುವಷ್ಟರಲ್ಲಿ ಬೀದಿಯವರೆಲ್ಲ ಬೀದಿಯಲ್ಲೇ ಇದ್ದರು. ಶೇಷಗಿರಿ ಅಗ್ನಿಶಾಮಕದವರಿಗೆ ಫೋನು ಮಾಡಿಯಾಗಿತ್ತು. ಒಳಗೆ ವರಾಹಮೂರ್ತಿಗಳು ಲಟ್ಟಣಿಗೆಯಿಂದ ಡಬ್ಬಿಗೆ ಬಡಿಯುತ್ತಿದ್ದರು. ಎಂಸೀಲ್ ಜಗ್ಗಲಿಲ್ಲ. ಭಾಗೀರಥಮ್ಮ ಮಾತ್ರ ಹಿತ್ತಿಲ ಇದ್ದಿಲೊಲೆಯಲ್ಲಿ ಮಡಿಯಲ್ಲಿ ಮಾಡಿಕೊಂಡ ಸಬ್ಬಕ್ಕಿ ಉಪ್ಪಿಟ್ಟನ್ನು ನಡುಮನೆಯಲ್ಲಿ ಕೂತು ನಿಧಾನವಾಗಿ ತಿನ್ನುತ್ತಿದ್ದರು.

"ಅತ್ತೆ, ವಾಸನೆ ಏನಾದ್ರೂ ಬರ್ತಿದೆಯಾ?"

"ಯಾವ ವಾಸನೆಯೂ ಇಲ್ಲ! ನಿನ್ನ ಗಂಡನ ಡಬ್ಬಿಗೆ ಹುಚ್ಚು!"

ವರಾಹಮೂರ್ತಿಗಳು ಲೆನ್ಸು ಮುಟ್ಟಿದರು. ಬೆರಳು ಅಂಟಿತು. ನೆಕ್ಕಿದರು. "ಸಿಹಿ! ಕಲ್ಲುಸಕ್ಕರೆ! ಯಾರು ಇಟ್ಟಿದ್ದು?"

ಎಲ್ಲರ ಕಣ್ಣೂ ಉಪ್ಪಿಟ್ಟಿನ ತಟ್ಟೆಗೆ ಹೋಯಿತು.

"ಏನು ನೋಡ್ತೀರಿ? ಏಕಾದಶಿ ದಿವಸ ಮಾಮೂಲಿ ಉಪ್ಪು ತಿಂದು ವ್ರತ ಕೆಡಿಸಿಕೊಳ್ಳಲಾ? ಉಪ್ಪಿಟ್ಟು ಇಳಿಸಿ ನೋಡ್ತೀನಿ, ಭರಣೀಲಿ ಸೈಂಧವದ ಚೂರಿಲ್ಲ. ಗೋಡೆ ಮೇಲಿತ್ತು, ತಗೊಂಡೆ. ತೂತು ಖಾಲಿ ಕಾಣಬಾರದು ಅಂತ ಕಲ್ಲುಸಕ್ಕರೆ ಇಟ್ಟೆ. ನನಗೂ ಮರ್ಯಾದೆ ಇದೆ!"

"ಅಮ್ಮಾ, ಸಕ್ಕರೆಯೂ ಗ್ಯಾಸಿನ ಹಾಗೇ ಆ ಬೆಳಕನ್ನ ನುಂಗತ್ತೆ! ಅದರ ಪಾಲಿಗೆ ಈಗ ಮನೆ ತುಂಬ ಗ್ಯಾಸು!"

ಗಂಟೆ ಬಾರಿಸುತ್ತ ಕೆಂಪು ಗಾಡಿ ಬಂತು. ಕತೆ ಕೇಳಿದ ಅಗ್ನಿಶಾಮಕದ ಮುಖ್ಯಸ್ಥ ಹೊಟ್ಟೆ ಹಿಡಿದು ನಕ್ಕ. "ಸುಳ್ಳು ಕೂಗು, ನಡೀರ್ರಪ್ಪಾ," ಎಂದು ತನ್ನವರನ್ನು ಕರೆದ.

ತುಂಗಮ್ಮ ನಗಲಿಲ್ಲ. ಗೋಡೆಯನ್ನೊಮ್ಮೆ, ಅತ್ತೆಯನ್ನೊಮ್ಮೆ ಅಳೆದರು. "ಅತ್ತೆ, ಅಷ್ಟು ಎತ್ತರಕ್ಕೆ ಹೇಗೆ ಹತ್ತಿದಿರಿ?"

"ಇನ್ನೇನು, ಸಿಲಿಂಡರ್ ಮೇಲೆ ಕಾಲಿಟ್ಟು."

ತುಂಗಮ್ಮ ಬಟ್ಟಲಲ್ಲಿ ಸೋಪು ಕದಡಿ, ನೊರೆಯನ್ನು ಸಿಲಿಂಡರಿನ ಕತ್ತಿಗೆ ಸವರಿದರು. ನೊರೆ ಬುರುಬುರು ಉಬ್ಬಿತು. ಅತ್ತೆಯ ಪಾದಕ್ಕೆ ಸಿಕ್ಕ ರೆಗ್ಯುಲೇಟರು ಅಲುಗಿ ಸಣ್ಣಗೆ ಸೋರುತ್ತಿತ್ತು!

ಮುಖ್ಯಸ್ಥನ ನಗು ನಿಂತಿತು. ನುಗ್ಗಿ ಬಂದು ರೆಗ್ಯುಲೇಟರು ಕಳಚಿ, ಕಿಟಕಿಗಳನ್ನೆಲ್ಲ ತೆಗೆದ. "ಭೇಷ್ ತಾಯಿ! ಇಷ್ಟು ಸಣ್ಣ ಸೋರಿಕೆ ಹಿಡಿದ್ರಲ್ಲ, ಏನು ಮೂಗು ನಿಮ್ಮದು!"

"ನನಗೆ ವಾಸನೆ ತಿಳಿಯಲ್ಲಪ್ಪಾ. ಮೂಗು ಇರೋದು ನಮ್ಮತ್ತೆಗೆ."

ಬೀದಿಯೆಲ್ಲ ಭಾಗೀರಥಮ್ಮನ ಮೂಗಿನತ್ತ ತಿರುಗಿತು. ಅವರು ಸೆರಗಿನಿಂದ ಅದನ್ನು ಮುಚ್ಚಿಕೊಂಡರು.

"ನನಗೆ ನೆಗಡಿ," ಎಂದರು. ಸ್ವಲ್ಪ ಹೊತ್ತು ಬಿಟ್ಟು ಮಗಳಿಗೆ ಫೋನು ಹಚ್ಚಿದರು. "ಆ ಕರೆಂಟ್ ಒಲೆ ನೀನೇ ಇಟ್ಕೊಳ್ಳೇ. ಇಲ್ಲಿ ನೋಡ್ಕೊಳ್ಳೋರು ಇದಾರೆ."

ಡಬ್ಬಿ ಮಾತ್ರ ಮೂರು ದಿನ ಕೂಗಿತು. ಸಕ್ಕರೆ ಅಂಟಿ ಬಿರಡೆ ತಿರುಗಲಿಲ್ಲ. ಗೋಡೆಯಿಂದ ಕಿತ್ತು ದಿಂಬಿನೊಳಗೆ ಹುಗಿದರು, ಅಕ್ಕಿ ಡಬ್ಬದೊಳಗೆ ಇಟ್ಟರು, ಅಲ್ಲಿಂದಲೂ ಕೂಗಿತು. ಬೀದಿಯ ಮಕ್ಕಳು ತುಂಗಮ್ಮನನ್ನು ಕಂಡರೆ "ಓಡು!" ಎನ್ನತೊಡಗಿದರು. ಕೊನೆಗೆ ಇರುವೆಗಳು ಸಾಲುಗಟ್ಟಿ ಬಂದು ಲೆನ್ಸನ್ನು ತಿಂದು ಮುಗಿಸಿ, ಆ ತೂತಿನಿಂದಲೇ ಒಳಹೊಕ್ಕು ಸ್ಪೀಕರಿನಲ್ಲಿ ಸಂಸಾರ ಹೂಡಿದವು. "ತುಂ... ಗ್ಯಾ..." ಎಂದು ಗೊರಗುಟ್ಟಿ ಯಂತ್ರ ಸುಮ್ಮನಾಯಿತು.

ವರಾಹಮೂರ್ತಿಗಳು ಮರುದಿನವೇ ಉಜ್ಜುವ ಕಲ್ಲು ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು. "ಈ ಸಲ ಯಾರೂ ತಿನ್ನದ ಹಾಗೆ ಲೆನ್ಸು ಯಾವುದರಲ್ಲಿ ಮಾಡ್ಲಿ ಅಂತೀಯ?"

ತುಂಗಮ್ಮ ಉರಿಯ ಮೇಲಿನ ಹಪ್ಪಳ ಮಗುಚಿದರು.

"ಹಾಗಲಕಾಯಲ್ಲಿ."