ಹಿತ್ತಿಲಲ್ಲೊಂದು ಸೋರುವ ಹೊಳೆ

ನಮ್ಮ ಸೋದರಮಾವ ಹೊಳೆಗೆ ತೇಪೆ ಹಚ್ಚಿದ ಮನುಷ್ಯ. ಹರಿದ ಧೋತರಕ್ಕಲ್ಲ, ಸೈಕಲ್ ಟ್ಯೂಬಿಗಲ್ಲ, ಹೊಳೆಗೆ! ಈ ಒಂದು ಮಾತಿಗೆ ನಾನು ಜವಾಬ್ದಾರಳು. ಉಳಿದ ವಿವರಗಳಲ್ಲಿ ಕೆಲವು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ನನಗೆ ದಿನಚರಿ ಬರೆಯುವ ಚಟವಿದೆ, ನಿಜ. ಆದರೆ ಆ ದಿನಗಳ ಪುಟ ತೆರೆದರೆ, ‘ಮಾಮಾನ ಊರಿಗೆ ಹೋದೆ. ಅತ್ತಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು’ ಎಂದಷ್ಟೇ ಇದೆ. ಹೊಳೆಯ ಸುದ್ದಿಯೇ ಇಲ್ಲ! ಬದನೆಕಾಯಿಯನ್ನು ಬರೆದಿಟ್ಟು ಹೊಳೆಯನ್ನು ಬಿಟ್ಟವಳ ನೆನಪನ್ನು ಎಷ್ಟು ನಂಬಬೇಕೋ ನೀವೇ ನೋಡಿಕೊಳ್ಳಿ.

ಮಾಮಾನ ಊರು ಗಲಗಲಿಯ ಆಚೆ, ಕೃಷ್ಣೆಯ ದಂಡೆಯಲ್ಲಿತ್ತು. ಇತ್ತು ಎನ್ನುವುದೂ ತಪ್ಪೇ. ಈಗಲೂ ಅಲ್ಲೇ ಇದೆ, ನೀರಿನ ಕೆಳಗೆ. ಆಲಮಟ್ಟಿಯ ಹಿನ್ನೀರು ಏರಿ ಬಂದಾಗ ಊರಿಗೆ ಊರೇ ಎದ್ದು, ಮೇಲಿನ ಎರೆಹೊಲದಲ್ಲಿ ಕಟ್ಟಿದ ಪುನರ್ವಸತಿ ಕೇಂದ್ರಕ್ಕೆ ಬಂತು. ಉಳಿದವರು ಹೊಸ ಮನೆಗಳಿಗೆ ಹೊಂದಿಕೊಂಡರು, ಇಲ್ಲವೇ ಹೊಂದಿಕೊಂಡಂತೆ ತೋರಿಸಿಕೊಂಡರು. ಮಾಮಾಗೆ ಆ ನಾಟಕವೂ ಬರಲಿಲ್ಲ. ಹೊಳೆಯಲ್ಲಿ ಈಜಿ ಈಜಿ ಬೆಳೆದ ಮೈ ಅದು. ಬೆಳಗಾದರೆ ಕಂಬಳಿ ಹೆಗಲಿಗೆ ಹಾಕಿಕೊಂಡು ಹಿನ್ನೀರಿನ ಅಂಚಿಗೆ ನಡೆಯುತ್ತಿದ್ದ. ನೀರಿನ ಮೇಲೆ ಇಣುಕುವ ಬೀರಪ್ಪನ ಗುಡಿಯ ಶಿಖರವನ್ನು ಗುರುತಿಟ್ಟುಕೊಂಡು ಈಜಿ, ಹಳೆಯ ಮನೆ ಇದ್ದ ಜಾಗದ ಮೇಲೆ ಸ್ವಲ್ಪ ಹೊತ್ತು ತೇಲಿ ಬರುತ್ತಿದ್ದ.

“ಎಲ್ಲಿ ಹೋಗಿದ್ರಿ?” ಎಂದು ಅವನ ಹೆಂಡತಿ, ನಮ್ಮ ಅತ್ತಿ, ಕೇಳುತ್ತಿದ್ದಳು.

“ಮನಿಗೆ.”

“ಮನಿ ಇಲ್ಲೈತಲ್ರಿ!”

“ಇದು ಪ್ಲಾಟು. ನಾ ಮನಿಗೆ ಹೋಗಿದ್ದೆ.”

ಒಂದು ದಿನ ಮೀನಿನ ಬಲೆಯಲ್ಲಿ ಅವನ ಕಾಲು ಸಿಕ್ಕಿಕೊಂಡಿತು. ಬಲೆಯವರು ದಂಡೆಗೆ ಎಳೆದು ಹಾಕುವಷ್ಟರಲ್ಲಿ ಅರ್ಧ ಕೃಷ್ಣೆ ಅವನ ಹೊಟ್ಟೆಯಲ್ಲಿತ್ತು. ಅದನ್ನೂ ಮಾಮಾ ನಗಿಸುತ್ತಲೇ ಹೇಳುತ್ತಿದ್ದ: “ಬಲಿ ಎಳದವ್ರ ಮಾರಿ ನೋಡಬೇಕಿತ್ತವ್ವಾ! ಇಷ್ಟು ದೊಡ್ಡ ಮೀನ ಸಿಕ್ತಂತ ಕುಣ್ಯಾಕತ್ತಿದ್ರು. ಧೋತರ ಕಂಡು ಸಪ್ಪಗಾದ್ರು!”

ಅತ್ತಿ ಮಾತ್ರ ಈ ಕತೆಗೆ ಎಂದೂ ನಗಲಿಲ್ಲ. ಅಂದು ಅವನ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ದಂಡೆಯಲ್ಲಿ ಕೂತಿದ್ದವಳು ಆಕೆ. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದಳಂತೆ: “ಇನ್ನೊಮ್ಮೆ ಹಿನ್ನೀರಿಗೆ ಇಳದ್ರ, ನಿಮ್ಮ ಬೆನ್ನಹಿಂದ ನಾನೂ ಇಳೀತೀನ್ರಿ. ನನಗ ಈಜು ಬರೂದಿಲ್ಲ, ನೆನಪಿರಲಿ.”

ಹಿತ್ತಿಲಲ್ಲಿ ಹೊಳೆ ಕಟ್ಟುವ ಕೆಲಸ ಶುರುವಾದದ್ದು ಆಮೇಲೆ.

ನೆಲ ತೋಡುವಂತಿರಲಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಹಾಗಾದರೆ ನೆಲದ ಮೇಲೆಯೇ ಆಗಲಿ! ಹಳೆಯ ಮನೆಯಿಂದ ಬಿಚ್ಚಿ ತಂದ ತೊಲೆಗಳನ್ನು ದುಂಡಗೆ ಹುಗಿದ. ಹಳೆಯ ಮನೆಯ ಚಾವಣಿಯ ತಗಡುಗಳನ್ನು ಸುತ್ತ ನಿಲ್ಲಿಸಿ ತಂತಿಯಿಂದ ಬಿಗಿದ. ತಗಡಿನ ಒಳಮೈಗೆ ಅತ್ತಿ ಸೀರೆಯ ಚಿಂದಿ ಸೇರಿಸಿ ಹೊಲಿದ ಹಳೆಯ ಕೌದಿಗಳನ್ನು ಇಳಿಬಿಟ್ಟ, ಅದರ ಮೇಲೆ ಕೃಷಿಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ, ಬೋರಿನಿಂದ ಎದೆಮಟ್ಟ ನೀರು ತುಂಬಿದ. ನಾನು ಅದನ್ನು ಈಜುಕೊಳ ಎಂದೆ. ಓಣಿಯವರು ಟಾಕಿ ಎಂದರು. ಅತ್ತಿ “ದನಾ ಕುಡಿಯೂ ಬಾನಿ” ಎಂದಳು. ಮಾಮಾ ಮಾತ್ರ ಹೊಳಿ ಎನ್ನುತ್ತಿದ್ದ. “ಹೊಳಿಗೆ ಹೋಗಿ ಬರ್ತೀನಿ” ಎಂದು ಗಂಭೀರವಾಗಿ ಹೇಳಿ ಅಡುಗೆಮನೆಯ ಹಿಂಬಾಗಿಲು ದಾಟುತ್ತಿದ್ದ!

“ಹೊಳಿ ನಮ್ಮ ಮನಿ ತಗೊಂತು. ನಾ ಮನಿ ತಗಡಿನ್ಯಾಗ ಹೊಳಿ ತುಂಬೇನಿ. ಇಬ್ಬರದೂ ಸಮಾ ಆತು.”

ಸಮ ಆಗಿರಲಿಲ್ಲ. ಎರಡು ಕೈ ಹೊಡೆದರೆ ತಗಡು ಹಣೆಗೆ ಬರುತ್ತಿತ್ತು. ಗಾಣದ ಎತ್ತಿನಂತೆ ದುಂಡಗೆ ಈಜಿ ಈಜಿ ಮಾಮಾಗೆ ಬೇಸರ ಬಂತು. “ಹರಿಯೂದಿಲ್ಲವ್ವಾ ಇದು. ನನ್ನ ಕೂಡ ಮಾತಾಡೂದಿಲ್ಲ” ಎನ್ನುತ್ತಿದ್ದ. ಕಂಬಳಿ ಮತ್ತೆ ಹೆಗಲೇರಿತು. ಬೇಲಿಯ ಹತ್ತಿರ ನಿಂತು ಹಿನ್ನೀರಿನ ದಿಕ್ಕಿಗೆ ನೋಡುತ್ತಿದ್ದ. ತಗಡಿನ ಬುಡದಲ್ಲಿದ್ದ ಕಲ್ಲಿನ ಮೇಲೆ ಅತ್ತಿ ಕೌದಿಯನ್ನೋ ಜೋಳದ ಚೀಲವನ್ನೋ ಹೊಲಿಯುತ್ತ, ಅವನು ನೋಡುವುದನ್ನು ನೋಡುತ್ತಿದ್ದಳು.

ಆಗಲೇ ಹೊಳೆ ಸೋರತೊಡಗಿತು.

ನಾನು ರಜೆಗೆ ಹೋದಾಗ ಮಾಮಾ ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ. “ಬಾರವ್ವಾ, ನೀ ಕಲತಾಕಿ. ಹೊಳಿ ಇಳ್ಯಾಕತ್ತೇತಿ.”

“ಎಲ್ಲಿ ಸೋರಾಕತ್ತೇತಿ ಮಾಮಾ?”

“ಅದು ಗೊತ್ತಿದ್ರ ನಿನ್ನ್ಯಾಕ ಕೇಳ್ಲಿ? ಸೈಕಲ್ ಪಂಕ್ಚರ್ ಹುಡುಕೂದು ಸಸಾರ. ಟ್ಯೂಬ್ ನೀರಾಗ ಮುಳುಗಿಸ್ತಾರ, ಗುಳ್ಳಿ ಬರ್ತಾವ. ಈಗ ಈ ನೀರನ್ನ ಎದರಾಗ ಮುಳುಗಿಸ್ಲಿ?”

ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಸೋರಿದ ನೀರು ಕೌದಿಗೆ ಇಳಿದು, ಒಂದು ಕೌದಿಯಿಂದ ಇನ್ನೊಂದಕ್ಕೆ ದಾಟಿ, ಬುಡದ ಸುತ್ತಲೂ ಜಿನುಗುತ್ತಿತ್ತು. ತೂತು ಒಂದು ಕಡೆ, ಒದ್ದೆ ಊರೆಲ್ಲ! ಅತ್ತಿಯ ಬದನೆಗಿಡಗಳು ಮಾತ್ರ ಸೊಕ್ಕಿ ನಿಂತಿದ್ದವು.

ಮಾಮಾ ಮೊದಲು ದೇವರನ್ನು ಕೇಳಿದ. ಬೀರಪ್ಪನ ಜಗಲಿಯಿಂದ ಭಂಡಾರದ ಚೀಲವನ್ನೇ ತಂದು, “ಅಪ್ಪಾ, ತೂತು ಇದ್ದಲ್ಲಿ ಹಳದಿ ತೋರಿಸು” ಎಂದು ಅರಿಷಿಣದ ಪುಡಿಯನ್ನು ಹಿಡಿ ಹಿಡಿಯಾಗಿ ನೀರಿಗೆ ಎರಚಿ, ಒಳಗೆ ಇಳಿದು ಕಲಕಿದ. ಬೀರಪ್ಪ ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟ. ಸಂಜೆಗೆ ಕೌದಿಗಳೆಲ್ಲ ಹಳದಿ, ಬುಡದ ಮಣ್ಣೆಲ್ಲ ಹಳದಿ. ಮೇಲೆದ್ದು ಬಂದ ಮಾಮಾನ ಬಿಳಿ ಮೀಸೆಯಿಂದ ಹಿಮ್ಮಡಿಯವರೆಗೆ ಹಳದಿ! ಅತ್ತಿ ಸೂಜಿ ನಿಲ್ಲಿಸಿ ನೋಡಿದಳು.

“ಅರಿಷಿಣ ಹಚ್ಚಿಸ್ಕೊಂಡು ನಿಂತೀರಲ್ರಿ, ಕನ್ಯಾ ಯಾವೂರಾಕಿ?”

“ಹೊಳಿ ದಂಡ್ಯಾಕಿ,” ಎಂದ ಮಾಮಾ. ಅತ್ತಿಯ ತವರು ಹೊಳೆಯ ಆಚೆ ದಂಡೆ. ಆಕೆ ಸೆರಗು ಮುಂದೆ ಎಳೆದುಕೊಂಡು ಮತ್ತೆ ಸೂಜಿಗೆ ತಲೆ ತಗ್ಗಿಸಿದಳು.

ದೇವರ ನಂತರ ವಿಜ್ಞಾನದ ಸರದಿ. ಎದುರು ಮನೆಯ ನಿವೃತ್ತ ಮಾಸ್ತರರು ಬಂದರು. ನೀರಿನೊಳಗೆ ಕಲ್ಲಿನ ಮೇಲೊಂದು ಹಂಡೆ ಇಡಬೇಕು, ಹೊರಗಿನ ನೀರಿನ ಮಟ್ಟಕ್ಕೇ ಅದರೊಳಗೂ ತುಂಬಬೇಕು. ಬಿಸಿಲಿಗೆ ಆರುತ್ತಿದ್ದರೆ ಎರಡೂ ಸಮನಾಗಿ ಇಳಿಯುತ್ತವೆ. ಹೊಳೆ ಹೆಚ್ಚು ಇಳಿದರೆ ಸೋರಿಕೆ ಖರೆ. ಎಷ್ಟು ಚೊಕ್ಕ ವಿಚಾರ! ಅತ್ತಿ ಕೇಳುವ ಮೊದಲೇ ಮೂಲೆಯಿಂದ ಒಂದು ಹಳೆಯ ಹಂಡೆ ತಂದುಕೊಟ್ಟಳು. ಮರುದಿನ ನೋಡಿದರೆ ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇಳಿದಿದ್ದವು.

“ನೋಡ್ರಿ! ಸೋರಿಕಿ ಇಲ್ಲವೇ ಇಲ್ಲ. ಬರೇ ಬಿಸಲು,” ಎಂದರು ಮಾಸ್ತರರು.

“ಹಂಗಾರ ಬದನಿಗಿಡಕ್ಕ ನೀರು ಹಾಕಾಕತ್ತಿದ್ದೂ ಬಿಸಲ ಏನ್ರಿ ಮಾಸ್ತರ?” ಎನ್ನುತ್ತ ಮಾಮಾ ಹಂಡೆ ಎತ್ತಿದ. ಅದರ ಬುಡದಿಂದ ಮಾಸ್ತರರ ಇಸ್ತ್ರಿ ಪ್ಯಾಂಟಿನ ಮೇಲೆ ನೀರು ಧಾರೆಗಟ್ಟಿ ಸುರಿಯಿತು. ಹಂಡೆಯೇ ತೂತು! ಹೊಳೆ ಇಳಿದಂತೆಲ್ಲ ಅದೂ ಇಳಿದಿತ್ತು, ಅಷ್ಟೇ.

“ಇಡೀ ಮನ್ಯಾಗ ತೂತಿನ ಹಂಡೇನ ಸಿಕ್ತೇನ ನಿನಗ?” ಎಂದು ಮಾಮಾ ಅತ್ತಿಯನ್ನು ಕೇಳಿದ.

“ಛಲೋ ಹಂಡೆ ನಿಮ್ಮ ಹೊಳಿಗೆ ಕೊಟ್ಟು ನಾ ನೀರು ಎದರಾಗ ಕಾಸ್ಲಿ?”

ನಾನೂ ಮಾಮಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತಿ ನಗಲಿಲ್ಲ ಎಂದು ನನಗೆ ನೆನಪು. ಅಥವಾ ಆಮೇಲೆ ಗೊತ್ತಾದದ್ದನ್ನು ಹಿಂದಕ್ಕೆ ಒಯ್ದು ಆ ಮುಖದ ಮೇಲೆ ಇಡುತ್ತಿದ್ದೇನೆಯೇ?

ಅಲ್ಲಿಂದ ಹುಡುಕಾಟ ಮಾಮಾನ ಉದ್ಯೋಗವೇ ಆಯಿತು. ಪ್ರತಿ ವರ್ಷ ಕಾರಹುಣ್ಣಿಮೆ ಮುಗಿದ ಮೇಲೆ ಹೊಳೆಯನ್ನು ಬರಿದು ಮಾಡಿ, ಹಾಳೆ ಒಣಗಿಸಿ, ಮೊಣಕಾಲೂರಿ ಅಂಗುಲ ಅಂಗುಲ ತಡವುತ್ತಿದ್ದ. ಎತ್ತಿನ ಕೋಡಿಗೆ ಬಳಿದು ಉಳಿದ ಬಣ್ಣದಿಂದ ಅನುಮಾನ ಬಂದಲ್ಲೆಲ್ಲ ಒಂದು ಉಂಗುರ ಬರೆಯುತ್ತಿದ್ದ. ಒಂದು ವರ್ಷ ಕೆಂಪು, ಒಂದು ವರ್ಷ ಹಸಿರು, ಇನ್ನೊಂದು ವರ್ಷ ನೀಲಿ. ಉಂಗುರದ ಮೇಲೆ ಟ್ಯೂಬಿನ ರಬ್ಬರ್ ತೇಪೆ ಅಂಟಿಸುತ್ತಿದ್ದ. ನೀರು ತುಂಬುತ್ತಿದ್ದ. ಮತ್ತೆ ಸೋರುತ್ತಿತ್ತು!

ಓಣಿಯ ಹುಡುಗರು ಹಿನ್ನೀರಿಗೆ ಈಜಲು ಹೊರಟಾಗ ಬೇಲಿಯಾಚೆಯಿಂದ ಕೂಗುತ್ತಿದ್ದರು: “ಕಾಕಾ, ಬರ್ತೀರೇನ್ರಿ?”

ಮಾಮಾ ತಲೆ ಎತ್ತಿ ಆ ದಿಕ್ಕಿಗೆ ನೋಡುತ್ತಿದ್ದ. ಆ ನೋಟ ಇನ್ನೂ ನನ್ನ ಕಣ್ಣಲ್ಲಿದೆ, ಅದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಕೊರಳು ಅಷ್ಟು ದೂರ ಚಾಚುತ್ತಿತ್ತು, ಕಾಲು ಕದಲುತ್ತಿರಲಿಲ್ಲ. “ಹೆಂಗ ಬರ್ಲೆಪಾ? ನಮ್ಮ ಹೊಳಿ ಸೋರಾಕತ್ತೇತಿ. ಬಿಟ್ಟು ಬರಾಕ ಆಗೂದಿಲ್ಲ.”

ಮಾಮಾ ಮತ್ತೆಂದೂ ಹಿನ್ನೀರಿಗೆ ಇಳಿಯಲಿಲ್ಲ. ಸಕ್ಕರೆ ಕಾಯಿಲೆ ಜೋರಾಗಿ, ತನ್ನ ಹಾಸಿಗೆಯಲ್ಲೇ, ಅತ್ತಿಯ ಕೌದಿ ಹೊದ್ದು ತೀರಿಕೊಂಡ. ಮಾತಾಡಿಸಲು ಬಂದವರಿಗೆಲ್ಲ ಅತ್ತಿ ಹೇಳುತ್ತಿದ್ದುದು ಒಂದೇ: “ಒಣಾ ಬಟ್ಟಿ ಮ್ಯಾಲ ಹ್ವಾದ್ರು.” ಅದೆಂಥ ಮಾತು ಎಂದು ಬಂದವರು ಮುಖ ಮುಖ ನೋಡಿಕೊಂಡರು.

ಹೊಳೆಯನ್ನು ಬಿಚ್ಚಿದ್ದು ನಾನು ಮತ್ತು ಅತ್ತಿ. ಕೌದಿಗಳು ಕೊಳೆತಿದ್ದವು, ಮಡಿಕೆಯೊಳಗೆ ಇನ್ನೂ ಹಳದಿ ಇತ್ತು. ಹಾಳೆಯನ್ನು ಅಂಗಳದಲ್ಲಿ ಹಾಸಿದೆ. ಎಲ್ಲಿ ನೋಡಿದರೂ ತೇಪೆ. ತೇಪೆ ಇಲ್ಲದ ಉಂಗುರ ಒಂದೇ ಒಂದು, ಅದರ ನಡುವೆ ಸಣ್ಣ ತೂತು, ಹೊರಗಿನಿಂದ ಒಳಕ್ಕೆ ಚುಚ್ಚಿದ್ದು. ಅದಕ್ಕೆ ಸರಿಯಾಗಿ ತಗಡಿನಲ್ಲಿ ಚಾವಣಿಯ ಕಾಲದ ಮೊಳೆಯ ತೂತು. ಅದರ ಮುಂದೆ ಅತ್ತಿ ಕೂರುತ್ತಿದ್ದ ಕಲ್ಲು. ತಗಡಿನಿಂದ ತೂರಿ, ಕೌದಿ ದಾಟಿ, ಹಾಳೆ ಮುಟ್ಟುವಷ್ಟು ಉದ್ದವಾದದ್ದು ಆ ಮನೆಯಲ್ಲಿ ಒಂದೇ ಇತ್ತು: ಅತ್ತಿಯ ಚೀಲ ಹೊಲಿಯುವ ದಬ್ಬಣ.

ತೇಪೆ ಉದುರಿರಬೇಕೆಂದು ಬೆರಳಾಡಿಸಿದೆ. ಅಂಟಿನ ಗುರುತೇ ಇಲ್ಲ. ಬಣ್ಣ ಮಾತ್ರ ದಪ್ಪಗಿತ್ತು. ಉಗುರಿನಿಂದ ಕೆರೆದೆ. ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು. ಎಂದರೆ ಮೊದಲ ವರ್ಷವೇ ಮಾಮಾಗೆ ಈ ತೂತು ಸಿಕ್ಕಿದೆ! ಆಮೇಲೆ ವರ್ಷ ವರ್ಷವೂ, ಮರೆತು ಎಲ್ಲಿ ಇದಕ್ಕೂ ತೇಪೆ ಹಚ್ಚಿಬಿಡುತ್ತೇನೋ ಎಂಬಂತೆ, ಅದೇ ಉಂಗುರವನ್ನು ತಿದ್ದಿದ್ದಾನೆ. ನೀರು ತುಂಬಿ, ಎಲ್ಲರೆದುರು ತಲೆ ಕೆರೆದುಕೊಂಡು, ತೂತು ಹುಡುಕುತ್ತ ಮನೆಯಲ್ಲೇ ಉಳಿದಿದ್ದಾನೆ.

ಆ ಉಂಗುರವನ್ನು ಅತ್ತಿಯ ಮುಂದೆ ಹಿಡಿದೆ. ಆಕೆ ಬಣ್ಣದ ಮೇಲೆ ಬೆರಳಿಟ್ಟು ಮೆಲ್ಲಗೆ ಒಂದು ಸುತ್ತು ತಂದಳು. ಆಗ ಕೇಳಿದ ಪ್ರಶ್ನೆಯನ್ನೇ ಈಗಲೂ ಹೋದಾಗಲೆಲ್ಲ ಕೇಳುತ್ತೇನೆ. ಆಕೆ ಹಲ್ಲಿನಿಂದ ದಾರ ಕಡಿದು, “ಬದನಿಕಾಯಿ ಎಣ್ಣಿಗಾಯಿ ಮಾಡ್ಲೇನ?” ಎಂದು ಎದ್ದು ಒಳಗೆ ಹೋಗುತ್ತಾಳೆ.

“ಅತ್ತಿ, ಮಾಮಾಗ ಎಲ್ಲಾ ಗೊತ್ತಿತ್ತು ಅನ್ನೂದು ನಿನಗ ಗೊತ್ತಿತ್ತೇನ?”